ಒಂದೇ ಹೆಸರಿನ ವಾರಗಿತ್ತಿಯರು

ಹತ್ತಿರ ಬನ್ನಿ, ಇದು ಜೋರಾಗಿ ಹೇಳೋ ಮಾತಲ್ಲ. ನಿಮ್ಮ ಹೊಟ್ಟೆಯಲ್ಲೇ ಇರಲಿ. ವಾಮನ ಮಾಸ್ತರರ ಕಂಪ್ಯೂಟರಿನೊಳಗೆ ಸೌಗಂಧಿ ಅನ್ನೋ, ಪ್ರೋಗ್ರಾಂ ಬರೆಯೋ ಭಾಷೆಯ ಎರಡು ಆವೃತ್ತಿಗಳಿದ್ದವು. ಹಳೇ ಸೌಗಂಧಿ, ಹೊಸ ಸೌಗಂಧಿ, ಥೇಟು ವಾರಗಿತ್ತಿಯರು. ಮಾಸ್ತರರು "ಸೌಗಂಧಿ" ಅಂದರೆ ಸಾಕು, ಬಾಗಿಲ ಬಳಿಯೇ ಇರುತ್ತಿದ್ದ ಹಳೆಯವಳು ಮೊದಲು ಓಗೊಡುತ್ತಿದ್ದಳು. ಹೊಸಬಳಿಗೆ ಅದೇ ಹೊಟ್ಟೆಯುರಿ. ಇಬ್ಬರಿಗೂ ಬೇರೆ ಬೇರೆ ಕೋಣೆ ಮಾಡಿಕೊಡುತ್ತೇನೆ ಅಂತ ಮಾಸ್ತರರು ಅಂದರೂ ಅವಳು ಒಪ್ಪಲಿಲ್ಲ.

"ಆ ಮುದಿಗೊಡ್ಡು ಇರೋ ತನಕ ನಿಮ್ಮ ಕೆಲಸ ಕೆಡೋದೇ," ಎಂದು ದಿನಾ ಚುಚ್ಚಿದಳು. ಬೇಸತ್ತ ಮಾಸ್ತರರು ಹಳೆಯವಳನ್ನು ಅಳಿಸಿಹಾಕಿದರು.

ಮರುದಿನ ಕಂಪ್ಯೂಟರ್ ಏಳಲೇ ಇಲ್ಲ. ಅದನ್ನು ಎಬ್ಬಿಸಿ ಪರದೆ ತೆರೆಯುವ ಚಾಕರಿಯನ್ನೆಲ್ಲ ಸದ್ದಿಲ್ಲದೆ ಮಾಡುತ್ತಿದ್ದವಳು ಹಳೆಯವಳು. ಆ ಚಾಕರಿಗೆಂದು ಹಳೇ ಭಾಷೆಯಲ್ಲಿ ಬರೆದಿಟ್ಟ ಒಂದು ಚೀಟಿಯನ್ನೂ ಓದಲು ಹೊಸಬಳಿಗೆ ಬರಲಿಲ್ಲ. ಆದರೂ ಬಿಗುಮಾನ ಬಿಡದೆ, "ಇನ್ನು ನನ್ನನ್ನೇ ಕರೀಬೇಕು," ಅಂತ ಕತ್ತಲಲ್ಲಿ ಕಾದು ಕೂತಳು.

ಪಕ್ಕದ ಮನೆಯ ಪ್ರಿಂಟರಮ್ಮ ಮುಖಕ್ಕೇ ಅಂದಳು: "ಅಕ್ಕ ಇದ್ದಾಗ ಎರಡನೆಯವಳಾಗಿಯಾದರೂ ಬದುಕಿದ್ದೆ ಕಣೇ. ಈಗ ಮೊದಲನೆಯವಳು ನೀನೇ. ಆದರೆ ಮಾಸ್ತರರು ಒಳಗೆ ಬಂದು ನಿನ್ನನ್ನು ಕರೆಯೋದಕ್ಕೆ ಬಾಗಿಲು ತೆಗೀತಿದ್ದವಳು ಅವಳು."