ಹುಲಿಮೊರಡಿಯ ಗಂಜಿಬಂಡೆ

ಹುಲಿಮೊರಡಿಯಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವುದು ದಳವಾಯಿ ಪೆನ್ನೋಬಳನ ಹೆಸರು. ಕೆಳಗಿನ ಕೆರೆ ದಳವಾಯಿ ಕೆರೆ, ಏರಿಯ ಮೇಲಿನ ಮಂಟಪ ದಳವಾಯಿ ಮಂಟಪ, ಕೋಟೆಯ ಹೆಬ್ಬಾಗಿಲು ದಳವಾಯಿ ಬಾಗಿಲು. ಈಚೆಗೆ ಒಂದು ಹೋಟೆಲು, ಒಂದು ಪಂಕ್ಚರ್ ಅಂಗಡಿ ಕೂಡ ಅದೇ ಹೆಸರು ಹಾಕಿಕೊಂಡಿವೆ. ಹಾಕಿಕೊಳ್ಳಲಿ ಬಿಡಿ, ಸತ್ತವರು ಬಂದು ಕೇಳುವುದಿಲ್ಲ. ಆದರೆ ಕೋಟೆಗೆ ಹತ್ತುವ ದಾರಿಯ ನಡುವೆ ಕಣದಷ್ಟು ಅಗಲವಾದ ಒಂದು ಹಾಸುಬಂಡೆ ಇದೆ. ಪೆನ್ನೋಬಳ ತನ್ನ ಜೀವಮಾನದ ದೊಡ್ಡ ಗೆಲುವನ್ನು ಗೆದ್ದದ್ದು ಅದರ ಮೇಲೆ ನಿಂತು. ಅದನ್ನು ಗೆಲುವಿನ ಬಂಡೆ ಎಂದು ಕರೆಯತಕ್ಕದ್ದೆಂದು ಆಗಿನ ದೊರೆ ಡಂಗುರ ಹೊಡೆಸಿದನಂತೆ. ಊರವರು ಕೇಳಬೇಕಲ್ಲ! ಅವರ ಬಾಯಲ್ಲಿ ಅದು ಗಂಜಿಬಂಡೆ. ಹೊರಗಿನಿಂದ ಬಂದವರು, ಬರಗಾಲದಲ್ಲಿ ಇಲ್ಲಿ ಗಂಜಿಕೇಂದ್ರ ನಡೆಸಿರಬೇಕು ಎಂದು ತಾವೇ ಅರ್ಥ ಹೇಳಿಕೊಂಡು ಮುಂದಕ್ಕೆ ಹತ್ತುತ್ತಾರೆ. ಸಂಗತಿ ಅದಲ್ಲ.

ಹಿಂದೆ ಒಮ್ಮೆ ಇಲ್ಲಿಯ ಪಾಳೆಯಗಾರ, ಪಟ್ಟ ಯಾರಿಗೆಂದು ಬಾಯಿಬಿಟ್ಟು ಹೇಳದೆ ಕಣ್ಣು ಮುಚ್ಚಿದ. ಹಿರಿಯ ಹೆಂಡತಿಯ ಮಗ ಪೇಟೆಯನ್ನೂ ಬಯಲನ್ನೂ ಹಿಡಿದ. ಕಿರಿಯ ಹೆಂಡತಿಯ ಮಗ ಗುಡ್ಡದ ಮೇಲಿನ ಕೋಟೆ ಹೊಕ್ಕು ಬಾಗಿಲು ಜಡಿದುಕೊಂಡ. ಅಣ್ಣ ಸಭೆ ಕರೆದು ರಣವೀಳ್ಯದ ಹರಿವಾಣ ನಡುವೆ ಇಡಿಸಿದಾಗ ಎಲ್ಲರೂ ತಲೆ ತಗ್ಗಿಸಿ ಕೂತರು. ಎದ್ದು ವೀಳ್ಯ ಎತ್ತಿದವನು ಪೆನ್ನೋಬಳ. ಅವನ ತಂದೆಯೂ ಆ ಗಾದಿಗೇ ದಳವಾಯಿಯಾಗಿದ್ದವನು. ಆದರೆ ಪೆನ್ನೋಬಳನ ಒಡಹುಟ್ಟಿದ ತಮ್ಮ ಚಿತ್ತಯ್ಯ ಚಿಕ್ಕಂದಿನಿಂದ ಕಿರಿಯ ಮಗನ ಜೊತೆ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು. ಗೆಳೆಯನ ಕೈ ಬಿಡಲಾರದೆ ಕೋಟೆಯೊಳಗೆ ಹೋಗಿ ಆ ದಂಡಿಗೆ ಮುಂದಾಳಾದ. ಇವರಿಬ್ಬರನ್ನೂ ಹೆತ್ತ ಕಾಟವ್ವ ಗುಡ್ಡದ ಬುಡದ ಹಳ್ಳಿಯಲ್ಲಿ ಒಬ್ಬಳೇ ಉಳಿದಳು. ಯಾರು ಗೆದ್ದರೂ ಅವಳ ಪಾಲಿಗೆ ಸೋಲೇ. ಇಬ್ಬರೂ ಜೀವಂತ ಮನೆಗೆ ಬರಲಿ ಎಂಬುದೊಂದೇ ಅವಳಿಗೆ ಬೇಕಾಗಿದ್ದದ್ದು.

ಎರಡು ದಂಡಿನಲ್ಲೂ ಇದ್ದವರು ಸುತ್ತಣ ಅವೇ ಹಳ್ಳಿಗಳ ಮಕ್ಕಳು. ಹಾಗಾಗಿ ಅಲ್ಲಿ ಒಂದು ಕಟ್ಟಳೆ ಏರ್ಪಟ್ಟಿತ್ತು. ನಡುಹಗಲಿಗೆ ಹೆಂಗಸರು ಬುತ್ತಿ ಹೊತ್ತು ಬರುವರು. ಅವರು ಗುಡ್ಡದ ಮೇಲಿರುವಷ್ಟು ಹೊತ್ತು ಯಾರೂ ಕೈ ಎತ್ತಬಾರದು, ಯಾರೂ ಬುತ್ತಿ ಬಿಚ್ಚಿ ನೋಡಬಾರದು. ಹೆಂಗಸರೂ ಊರದೇವತೆ ಮಾರವ್ವನ ಭಂಡಾರ ಮುಟ್ಟಿ ಆಣೆ ಮಾಡಿದ್ದರು: ಅಲ್ಲಿ ಕಂಡದ್ದನ್ನು ಇಲ್ಲಿ ಹೇಳುವುದಿಲ್ಲ, ಇಲ್ಲಿ ಕಂಡದ್ದನ್ನು ಅಲ್ಲಿ ಹೇಳುವುದಿಲ್ಲ. ಒಬ್ಬಳು ಬಾಯಿ ಬಿಟ್ಟರೂ ಎಲ್ಲ ತಾಯಂದಿರ ದಾರಿ ಮುಚ್ಚಿಹೋಗುತ್ತಿತ್ತು. ಮಾತಿನಮಲ್ಲಿಯರು ಕೂಡ ತುಟಿ ಹೊಲಿದುಕೊಂಡು ಹತ್ತಿ ಇಳಿಯುತ್ತಿದ್ದರೆಂದರೆ ನೀವೇ ಊಹಿಸಿಕೊಳ್ಳಿ. ಕಾಟವ್ವನ ಪುಟ್ಟಿಯಲ್ಲಿ ಎರಡು ಬುತ್ತಿ ಇರುತ್ತಿದ್ದವು. ಕೆಳಗಿನ ದಂಡು ಮೊದಲು ಸಿಗುವುದರಿಂದ ಹಿರಿಯನದು ಮೇಲೆ, ಕಿರಿಯನದು ಅಡಿಗೆ.

ಒಂದು ದಿನ ಅವಳು ಕೋಟೆಯೊಳಗೆ ಹೋದಾಗ ಚಿತ್ತಯ್ಯ ಗೋಡೆಗೆ ಒರಗಿ ಕೂತಿದ್ದ. ಕವಣೆಯ ಕಲ್ಲು ಬಡಿದು ದವಡೆ ಮುರಿದಿತ್ತು. ಮುಖ ಊದಿಕೊಂಡು, ಕಣ್ಣೆರಡು ಬಿಟ್ಟು ಮಿಕ್ಕದ್ದಕ್ಕೆಲ್ಲ ಬಟ್ಟೆ ಸುತ್ತಿದ್ದರು. ಮಾತಾಡಲು ಹೋದರೆ ಗಂಟಲಿಂದ ಬರೀ ಗೊರಗೊರ. ಕಾಟವ್ವ ಅಲ್ಲಿ ಅಳಲಿಲ್ಲ, ದಾರಿಯಲ್ಲೂ ಅಳಲಿಲ್ಲ. ಕಂಡವರು ಕಾರಣ ಕೇಳುತ್ತಾರಲ್ಲ! ಮನೆಗೆ ಬಂದು ಅಗುಳಿ ಹಾಕಿಕೊಂಡು ಅತ್ತಳು. ಮರುದಿನ ನವಣೆ ನುಣ್ಣಗೆ ಬೀಸಿ, ಬಾಯ ಗಾಯಕ್ಕೆ ಉರಿಯದಿರಲೆಂದು ಉಪ್ಪು ಖಾರ ಹಾಕದೆ ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಕುಡಿಕೆಗೆ ತುಂಬಿದಳು. ಅಡಿಗಿಟ್ಟರೆ ಚೆಲ್ಲೀತೆಂದು ಕುಡಿಕೆಯನ್ನು ಮೇಲಿಟ್ಟಳು. ಕೆಳಗಿನ ದಂಡಿಗೆ ಬಂದಾಗ ಪೆನ್ನೋಬಳ ಬಂಡೆಯ ಮೇಲೆ ನಿಂತು ಕೋಟೆ ನೋಡುತ್ತಿದ್ದ. ಕೈಗೆ ರೂಢಿ ಬಿದ್ದಿತ್ತು. ಅವಳ ಮನಸ್ಸೆಲ್ಲ ಮೇಲಿನ ಮಗನ ಹತ್ತಿರ ಇತ್ತು. ಕೈ ಮಾತ್ರ ದಿನದಂತೆ ಮೇಲಿದ್ದ ಬುತ್ತಿಯನ್ನು ತೆಗೆದು ಹಿರಿಯನಿಗೆ ಕೊಟ್ಟಿತು.

ಕೋಟೆಯಲ್ಲಿ ಬುತ್ತಿ ಬಿಚ್ಚಿದರೆ ಗಟ್ಟಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ ಎಂದುಕೊಂಡಳು ಕಾಟವ್ವ. ಚಿತ್ತಯ್ಯ ಅವ್ವನ ಮುಖ ನೋಡಿ ಕಣ್ಣಲ್ಲೇ ನಕ್ಕನಂತೆ. ಅವಳು ಹಾಗೇ ಎದ್ದು ದಡದಡ ಇಳಿದಳು. ಬಂಡೆಯ ಮೇಲೆ ಕುಡಿಕೆ ಬರಿದಾಗಿತ್ತು. ಮೊದಲ ಗುಟುಕಿಗೇ ಪೆನ್ನೋಬಳನಿಗೆ ಅದು ಯಾರ ಪಾಲೆಂದು ತಿಳಿದಿತ್ತು. ಇದು ಪಥ್ಯದ ಗಂಜಿ. ಹಾಗಾದರೆ ಮೇಲಿನ ಮುಂದಾಳು ಮಲಗಿದ್ದಾನೆ. ತಿಳಿದೂ ಪೂರ್ತಿ ಕುಡಿದು ಮುಗಿಸಿದ್ದ.

"ಪೆನ್ನಾ, ಕಂಡದ್ದನ್ನು ಕಂಡಿಲ್ಲ ಅಂದುಬಿಡಪ್ಪಾ," ಎಂದು ಕಾಟವ್ವ ಸೆರಗೊಡ್ಡಿದಳು.

"ವೀಳ್ಯ ಎತ್ತಿದ ಕೈ ಅವ್ವಾ ಇದು. ಇವತ್ತೇ ಮುಗಿದರೆ ಉಳಿದೋರ ಮಕ್ಕಳಾದ್ರೂ ಮನೆ ಸೇರ್ತಾವೆ. ಅವನ ಕೂದಲು ಕೊಂಕದ ಹಂಗೆ ನೋಡ್ಕೊಳ್ತೀನಿ, ನಿನ್ನಾಣೆ. ಏನಾಗೈತೆ ಅವನಿಗೆ? ಜ್ವರವಾ?"

"ಕೇಳಬ್ಯಾಡ. ನಾನು ಹೇಳಂಗಿಲ್ಲ," ಎಂದಳು ಕಾಟವ್ವ. ಭಂಡಾರ ಮುಟ್ಟಿದವಳು ಅವಳು. ಮಗನೂ ಮಾತು ಕೊಟ್ಟನಲ್ಲ, ಅಷ್ಟು ಸಾಕೆಂದು ನಂಬಿದಳು. ಅವಳು ಅಲ್ಲವೆನ್ನದ್ದನ್ನು ಅವನು ಜ್ವರ ಹೌದೆಂದು ತೆಗೆದುಕೊಂಡ.

ಹೆಂಗಸರೆಲ್ಲ ಇಳಿದು ಹೋದ ಮೇಲೆ ಪೆನ್ನೋಬಳ ದಂಡನ್ನು ಮೇಲಕ್ಕೆ ನುಗ್ಗಿಸಿದ. ನುಗ್ಗಿಸುವ ಮುಂಚೆ ಬಂಡೆಯ ಮೇಲೆ ನಿಂತು ಕಟ್ಟಪ್ಪಣೆ ಮಾಡಿದ: ಎದುರಾದವನ ಹೆಸರು ಕೇಳದೆ ಯಾರೂ ಕತ್ತಿ ಬೀಸಕೂಡದು; ಚಿತ್ತಯ್ಯ ಎಂದವನನ್ನು ಮುಟ್ಟಕೂಡದು, ಹೊತ್ತು ತರಬೇಕು. ಜ್ವರದವನು ಎದ್ದು ನಿಲ್ಲಲಾರ, ಹೆಸರಾದರೂ ಹೇಳಿಯಾನು ಎಂಬುದು ಅವನ ಎಣಿಕೆ. ಮುಂದಾಳಿನ ಕೂಗಿಲ್ಲದೆ ಕೋಟೆಯವರು ದಿಕ್ಕಾಪಾಲಾದರು, ಬಾಗಿಲು ಮುರಿಯಿತು. ಒಳಗೆ ಮುಖಕ್ಕೆ ಬಟ್ಟೆ ಸುತ್ತಿದ್ದವನೊಬ್ಬ ಕತ್ತಿ ಹಿಡಿದು ಅಡ್ಡ ನಿಂತ. ಯಾರೋ ನೀನು, ಹೆಸರು ಹೇಳು ಎಂದರು. ಅವನು ಗೊರಗೊರ ಎಂದ. ಇನ್ನೊಮ್ಮೆ ಕೇಳಿದರು. ದಳವಾಯಿಯ ಅಪ್ಪಣೆಯನ್ನು ಅವರು ಮೀರಲಿಲ್ಲ, ಕೇಳಿಯೇ ಕಡಿದರು. ಪೆನ್ನೋಬಳ ಬಂದು ಬಟ್ಟೆ ಬಿಚ್ಚಿ ನೋಡಿದ. ಗೋಡೆಯ ಹತ್ತಿರ ಬುತ್ತಿ ಬಿಚ್ಚಿದಂತೆಯೇ ಇತ್ತು. ರೊಟ್ಟಿಗಳು ಮುರಿದಿರಲಿಲ್ಲ. ಚಿತ್ತಯ್ಯ ಹಸಿದ ಹೊಟ್ಟೆಯಲ್ಲಿ ಹೋಗಿದ್ದ.

ಮರುದಿನ ನಡುಹಗಲಿಗೆ ಕಾಟವ್ವ ಬಂಡೆಗೆ ಬಂದಳು, ಒಂದು ಕೊಡ ಸೋಸಿದ ಗಂಜಿ ಹೊತ್ತು. ಈ ಕಡೆಯವರು ಆ ಕಡೆಯವರು ಎನ್ನದೆ ಗಾಯಗೊಂಡವರನ್ನೆಲ್ಲ ಸಾಲಾಗಿ ಕೂರಿಸಿ ಬೊಗಸೆಗೆ ಹೊಯ್ದಳು. ಸಾಲಿನಲ್ಲಿ ಪೆನ್ನೋಬಳನೂ ಕೂತು ಬೊಗಸೆ ಒಡ್ಡಿದ. ಕಾಟವ್ವ ಅವನ ಮುಂದೆ ನಿಂತಳು. "ಹುಟ್ಟಿದಾಗಿಂದ ನಿನ್ನ ಪಾಲು ಉಂಡೆ. ನಿನ್ನೆ ತಮ್ಮನ ಪಾಲೂ ಉಂಡೆ. ನಿನಗೆ ಹಾಕಕ್ಕೆ ನನ್ನ ಹತ್ರ ಇನ್ನೇನೈತಪ್ಪಾ?" ಎಂದು ಮುಂದಿನವನ ಕಡೆ ತಿರುಗಿದಳು. ಆಮೇಲೆ ಪೆನ್ನೋಬಳ ಸೋಲೇ ಇಲ್ಲದ ದಳವಾಯಿ ಎನಿಸಿಕೊಂಡ, ಕೆರೆ ಕಟ್ಟಿಸಿದ, ದೇಶವೆಲ್ಲ ಅವನ ಹೆಸರು ಹೇಳಿತು. ಆದರೆ ಪ್ರತಿವರ್ಷ ಚಿತ್ತಯ್ಯ ಸತ್ತ ದಿನ ಅವ್ವ ಬಂಡೆಯ ಮೇಲೆ ಗಂಜಿ ಹೊಯ್ಯುವಾಗ ಬರಿಗಾಲಲ್ಲಿ ಬಂದು ಸಾಲಿನಲ್ಲಿ ಕೂರುತ್ತಿದ್ದ. ಅವಳು ಅವನನ್ನು ದಾಟಿ ಹೋಗುತ್ತಿದ್ದಳು. ಅಷ್ಟು ಕಲ್ಲಾಗಬಾರದಿತ್ತು ಎನ್ನುವವರು ಉಂಟು. ಹೇಳುವವರಿಗೇನು, ಹೊತ್ತು ಹೆತ್ತವಳು ಅವಳು.

ಕೊನೆಯ ವರ್ಷ ಕಾಟವ್ವನಿಗೆ ಕಣ್ಣು ಪೂರ್ತಿ ಹೋಗಿತ್ತು. ಒಬ್ಬೊಬ್ಬರ ತಲೆ ಮುಟ್ಟಿ, ಹೆಸರು ಕೇಳಿ, ಗಂಜಿ ಹಾಕುತ್ತಾ ಬಂದಳು. ನರೆತ ತಲೆಯೊಂದರ ಮೇಲೆ ಅವಳ ಕೈ ಬಹಳ ಹೊತ್ತು ನಿಂತಿತು. "ಯಾರಪ್ಪಾ ನೀನು? ಹೆಸರು ಹೇಳು," ಎಂದಳು. ಪೆನ್ನೋಬಳ ಬಾಯಿ ತೆರೆದ, ಸ್ವರ ಹೊರಡಲಿಲ್ಲ. "ಹೇಳು ಮಗಾ," ಎಂದು ಇನ್ನೊಮ್ಮೆ ಕೇಳಿದಳು. ಕಾದಳು. ಆಮೇಲೆ ಅವಳ ಕೈ ಪಕ್ಕದವನ ತಲೆಗೆ ಹೋಯಿತು. ಮುಟ್ಟಿದಾಗಲೇ ಅವಳಿಗೆ ಗುರುತು ಸಿಕ್ಕಿತ್ತು, ಬಾಯಿಬಿಟ್ಟು ಹೇಳಿದ್ದರೆ ಹಾಕಿಯೇಬಿಡುತ್ತಿದ್ದಳು ಎನ್ನುತ್ತಾರೆ. ಗೊತ್ತಿದ್ದವರು ಯಾರೂ ಉಳಿದಿಲ್ಲ.

ಈಗಲೂ ಮಾಗಿಯ ಒಂದು ಮಂಗಳವಾರ ಸುತ್ತಣ ಹಳ್ಳಿಗಳ ಹೆಂಗಸರು ಉಪ್ಪಿಲ್ಲದ ನವಣೆ ಗಂಜಿ ಹೊತ್ತು ಈ ಬಂಡೆಗೆ ಬರುತ್ತಾರೆ. ಕೋಟೆ ನೋಡಲು ಬಂದವರೂ ಸಾಲಿನಲ್ಲಿ ಕೂರಬಹುದು. ಹೆಸರು ಹೇಳಿದವರಿಗೆಲ್ಲ ಗಂಜಿ ಸಿಗುತ್ತದೆ. ಸಾಲಿನ ತುದಿಯಲ್ಲಿ ದಳವಾಯಿ ಮನೆತನದ ಹಿರಿಯನೊಬ್ಬ ಬರಿಗಾಲಲ್ಲಿ ಬಂದು ಕೂತಿರುತ್ತಾನೆ. ಬಡಿಸುವ ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟು ಯಾರಪ್ಪಾ ನೀನು ಎಂದು ಕೇಳುತ್ತಾಳೆ. ಅವನು ಮಾತಾಡುವುದಿಲ್ಲ. ಅವಳು ಇನ್ನೊಮ್ಮೆ ಕೇಳಿ, ಸ್ವಲ್ಪ ಹೊತ್ತು ಕಾದು, ಮುಂದೆ ಹೋಗುತ್ತಾಳೆ.