ಗವಿರಂಗನ ಒಂದು ನಿಮಿಷದ ವಿಡಿಯೋ

ಹೂಂಗುಟ್ತೀರಾ ಅಂದ್ರೆ ಹೇಳ್ತೀನಿ. ನಡುವೆ ಫೋನ್ ನೋಡಿದ್ರೆ ಅಲ್ಲಿಗೇ ನಿಲ್ಲಿಸ್ಬಿಡ್ತೀನಿ.

ಹೈವೇ ಪಕ್ಕದ ಒಂದೂರಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು ಬೋಂಡದ ಅಂಗಡಿ ಇಟ್ಟಿದ್ಲು. ಅವಳಿಗೊಬ್ಬನೇ ಮಗ, ಗವಿರಂಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದಕ್ಕಿಂತ ದೊಡ್ಡ ಕಾಯಿಲೆ ಬೇಕಾ? "ಬೋಂಡ ಬೇಯೋದು ನೋಡ್ತಿರೋ" ಅಂದ್ರೆ, ಕರಿಕಲಾಗೋ ತನಕ ನೋಡ್ತಾನೇ ಇರೋನು!

ಫಸ್ಟ್ ಪಿಯುಸಿಗೆ ಮೂರನೇ ಸಲ ಕೂತಿದ್ದ. ಹೊನ್ನಪ್ಪ ಮೇಷ್ಟ್ರು ಕಡೇ ಮಾತು ಹೇಳಿದ್ರು: "ರಸ್ತೆ ಸುರಕ್ಷತೆ ಬಗ್ಗೆ ಒಂದು ನಿಮಿಷದ ವಿಡಿಯೋ ಮಾಡ್ಕೊಂಡು ಬಾ. ಶುಕ್ರವಾರದೊಳಗೆ ತಂದ್ರೆ ಪಾಸು. ಇಲ್ಲಾಂದ್ರೆ ಟಿ.ಸಿ. ಕೈಗೆ ಕೊಟ್ಟು ಕಳಿಸ್ತೀನಿ!"

ಪುಟ್ಟತಾಯಮ್ಮ ಒಲೆ ಬಿಟ್ಟು ಎದ್ಲು. ಮಗ ತನ್ನ ಹಾಗೆ ಎಣ್ಣೆ ಹೊಗೆ ಕುಡೀಬಾರದು ಅನ್ನೋದೊಂದೇ ಅವಳ ಆಸೆ. ತನ್ನ ಫೋನು ಕೈಗಿಟ್ಟು, "ಹೋಗಪ್ಪಾ, ರಸ್ತೆ ಸುರಕ್ಷಿತವಾಗೈತಾ ಅಂತ ತೋರ್ಸು, ಅಷ್ಟೆ" ಅಂದ್ಲು.

ಹೋದ. ಬಂದ. "ಇಲ್ಲಮ್ಮಾ! ಸುರಕ್ಷಿತವಾಗಿಲ್ಲ! ಹೋದ ವರ್ಷ ಹಾಕಿದ್ದ ಟಾರನ್ನ ಅರ್ಧಕ್ಕರ್ಧ ಯಾರೋ ಎತ್ಕೊಂಡು ಹೋಗವ್ರೆ!" ಅಂತ ಬರೀ ಗುಂಡಿಗಳನ್ನ ತೋರಿಸಿದ.

"ಅಯ್ಯೋ ನನ್ನ ಕರ್ಮವೇ! ಗುಂಡಿ ತೋರಿಸಿದ್ರೆ ಕೌನ್ಸಿಲರ್ ಸುಮ್ಮನಿರ್ತಾನಾ? ಅವನ ಬಾಮೈದನೇ ಕಂಟ್ರಾಕ್ಟರು! ಹೆಲ್ಮೆಟ್ ತೋರ್ಸೋ! ಹೆಲ್ಮೆಟ್ ಎಲ್ಲಿ ಕಾಣುತ್ತೋ ಅಲ್ಲಿ ಫೋನ್ ಹಿಡಿ!"

"ಆಯ್ತು ಕಣಮ್ಮಾ!"

ಮಾರನೇ ದಿನ ಹೋದ. ಬಂದ. ಹೆಲ್ಮೆಟ್ಟು ಬೇಕಾದಷ್ಟಿತ್ತು! ಮೊಣಕೈಗೆ ಸಿಗಿಸಿದ್ದು, ಟ್ಯಾಂಕ್ ಮೇಲೆ ಕೂರಿಸಿದ್ದು, ಕನ್ನಡಿಗೆ ನೇತುಹಾಕಿದ್ದು. ಒಬ್ಬ ಮಹಾರಾಯ ಅದರ ತುಂಬ ಮೊಟ್ಟೆ ತುಂಬ್ಕೊಂಡು ಹೋಗ್ತಿದ್ದ. ತಲೆ ಮೇಲಿದ್ದದ್ದು ಒಂದೂ ಇಲ್ಲ.

"ಥೂ ನಿನ್ನ! ತಲೆ ಮೇಲಿರೋದು ಬೇಕು ಕಣೋ! ಪೊಲೀಸ್ರು ಹಿಡಿಯೋ ಕಡೆ ಹೋಗು. ಬರೋರಿಗೆಲ್ಲ ಮುಂಚೇನೇ ಕೂಗಿ ಹೇಳ್ಬಿಡು, ಹಾಕ್ಕೊಂಡೇ ಬರ್ತಾರೆ!"

"ಆಯ್ತು ಕಣಮ್ಮಾ!"

ಮಾರನೇ ದಿನ ಹೋದ. ತಿರುವಿನಲ್ಲಿ ನಿಂತು, "ಮುಂದೆ ಪೊಲೀಸ್ರು ಹಿಡೀತಾವ್ರೆ! ಹಿಡೀತಾವ್ರೆ!" ಅಂತ ಗಂಟಲು ಹರ್ಕೊಂಡ. ಹೆಲ್ಮೆಟ್ ಯಾವನು ಹಾಕ್ತಾನೆ? ಬೈಕುಗಳೆಲ್ಲ ಗಿರಕ್ಕಂತ ತಿರುಗಿ ರಾಂಗ್ ಸೈಡಲ್ಲೇ ಓಟ ಕಿತ್ತವು. ಒಂದು ಕೇಸೂ ಸಿಗದ ಪೇದೆ ಬಂದು ಕಪಾಳಕ್ಕೊಂದು ಬಿಟ್ಟ. ಫೋನು ಬಿದ್ದು ಗಾಜು ಬಿರುಕು ಬಿಡ್ತು.

"ಹಾಳಾದೋನೇ, ನನ್ನ ಫೋನು! ಒಡೆಯೋ ಸಾಮಾನು ಹೆಲ್ಮೆಟ್ ಒಳಗಿದ್ರೇನೇ ಜೋಪಾನ ಅಂತ ಊರಿಗೆಲ್ಲ ಹೇಳಕ್ಕೆ ಹೊರಟೋನು ನೀನು! ನಾಳೆ ಶುಕ್ರವಾರ ಕಣೋ! ನಾನೇ ರಸ್ತೆ ದಾಟಿ ತೋರಿಸ್ತೀನಿ, ನೀನು ವಿಡಿಯೋ ತೆಗಿ!"

ಶುಕ್ರವಾರ ಗವಿರಂಗ ಗ್ಯಾರೇಜಿಂದ ಹೆಲ್ಮೆಟ್ ಕೇಳಿ ತಂದ. ವಿಡಿಯೋ ಆನ್ ಮಾಡಿದ. ಫೋನನ್ನ ಹೆಲ್ಮೆಟ್ ಒಳಗಿಟ್ಟು, ಮೇಲೆ ಟವಲು ಸುತ್ತಿ, ಎದೆಗವಚಿಕೊಂಡು ನಿಂತ. ರಸ್ತೆ ದಾಟ್ತಿದ್ದ ಪುಟ್ಟತಾಯಮ್ಮನಿಗೆ ಗಾಡಿಗಳನ್ನ ನೋಡೋದೇ ಆಯ್ತು, ಮಗನನ್ನ ಎಲ್ಲಿ ನೋಡ್ತಾಳೆ?

ಅವತ್ತೇ ಮೇಷ್ಟ್ರು ಅದನ್ನ ಕ್ಲಾಸಲ್ಲಿ ಹಾಕಿದ್ರು. ಪರದೆ ತುಂಬ ಕಗ್ಗತ್ತಲೆ. ಒಳಗಿಂದ ಪುಟ್ಟತಾಯಮ್ಮನ ದನಿ ಮಾತ್ರ: "ಹಿಂದಕ್ಕೆ ಸರಿಯೋ, ಲಾರಿ! ಏಯ್, ಫೋನಲ್ಲಿ ಮಾತಾಡ್ಕೊಂಡು ಓಡಿಸ್ತೀಯಲ್ಲೋ, ನಿಮ್ಮನೇಲಿ ಕಾಯೋರಿಲ್ವಾ? ರಂಗಾ, ಗಾಡಿ ಬರ್ತಿದ್ರೆ ದಾಟಬೇಡ ಕಣೋ, ನನಗಿರೋನು ನೀನೊಬ್ಬನೇ!"

ಮೇಷ್ಟ್ರು ಕಣ್ಣೊರೆಸ್ಕೊಂಡ್ರು. "ಭೇಷ್! ಅಮ್ಮ ಹೇಳಿದ್ದನ್ನ ತಪ್ಪದೆ ಪಾಲಿಸು. ಈ ಚೀಟಿಗೆ ಅವರ ಸಹಿ ಹಾಕಿಸ್ಕೊಂಡು ಐದು ಗಂಟೆಯೊಳಗೆ ತಂದುಕೊಡು, ಪಾಸು! ಐದಾಯ್ತೋ, ಟಿ.ಸಿ.!"

ಕಾಲೇಜು ಹೈವೇ ಆಚೆ, ಬೋಂಡದಂಗಡಿ ಈಚೆ. ದಿನಾ ಎಲ್ಲರ ಹಾಗೆ ಅಂಗೈ ಅಡ್ಡ ಹಿಡಿದು ನುಗ್ಗಿ ಬರೋನು, ಅವತ್ತು ನಿಂತ.

"ಅಮ್ಮಾ, ಪಾಸು! ಒಂದು ಸಹಿ ಬೇಕು!"

"ನನ್ನ ಬಂಗಾರ! ಬಾರೋ!"

"ಗಾಡಿ ಬರ್ತಾವಮ್ಮಾ!"

"ಕೈ ತೋರಿಸ್ಕೊಂಡು ಬಾರೋ!"

"ದಾಟಬೇಡ ಅಂದಿದ್ದೀಯಲ್ಲಮ್ಮಾ! ಮೇಷ್ಟ್ರೂ ಪಾಲಿಸು ಅಂದವ್ರೆ!"

ಪುಟ್ಟತಾಯಮ್ಮ ಒಲೆ ಆರಿಸಿ ತಾನೇ ನುಗ್ಗೋಕೆ ಹೊರಟ್ಲು. ಆಚೆಯಿಂದ ಮಗ ಕಿರುಚಿಕೊಂಡ: "ಬೇಡಮ್ಮಾ! ನನಗಿರೋಳೂ ನೀನೊಬ್ಬಳೇ!" ಅವಳ ಕಾಲು ಅಲ್ಲೇ ನಿಂತುಬಿಡ್ತು.

ಮೂರಾಯ್ತು. ನಾಲ್ಕಾಯ್ತು. ಆಚೆ ಮಗ, ಈಚೆ ತಾಯಿ. ನಡುವೆ ಕಪ್ಪುಬಿಳಿ ಪಟ್ಟೆ ಬಳಿದಿತ್ತು, ಜನ ದಾಟಲಿ ಅಂತ. ಒಬ್ಬನಾದ್ರೂ ಗಾಡಿ ನಿಲ್ಲಿಸಿದ್ರೆ ಕೇಳಿ!

ಐದಕ್ಕೆ ಸರಿಯಾಗಿ ಹೊನ್ನಪ್ಪ ಮೇಷ್ಟ್ರು ಬಂದ್ರು. ಹೆಲ್ಮೆಟ್ ಮೊಣಕೈಲಿ, ಫೋನು ಕಿವೀಲಿ. ಪಟ್ಟೆ ಮೇಲೇ ಸ್ಕೂಟರ್ ನುಗ್ಗಿಸ್ತಾ ಬೈದ್ರು: "ದಾರಿ ಬಿಡೋ ಪೆದ್ದ!"

ಹೇಳಿದ್ದನ್ನ ಹೇಳಿದ ಹಾಗೇ ಮಾಡೋನಲ್ವಾ, ಬಿಟ್ಟ. ಚೀಟಿ ಹಿಡ್ಕೊಂಡು ಇನ್ನೂ ದಾರಿ ಬಿಟ್ಟೇ ನಿಂತವ್ನೆ. ಆ ಕಡೆ ಹೋದ್ರೆ ನೋಡಿ. ನೀವೇನೂ ಗಾಡಿ ನಿಲ್ಲಿಸೋರಲ್ಲ ಬಿಡಿ.