ಅಜ್ಜನವರು ಎಲ್ಲರೆದುರು ಉಂಡದ್ದು

ಪರಮಪೂಜ್ಯ ಅಮರಯ್ಯ ಅಜ್ಜನವರು ಹುಲಿಬಂಡಿಯ ಕಲ್ಲುಗಣಿಯಲ್ಲಿ ನೆಲೆಸಿದ್ದ ಕಾಲವದು. ಗಣಿಯ ಒಂದು ಬದಿಯಲ್ಲಿ ಹಾಸುಗಲ್ಲು ತೀರಿ ಕೆಲಸ ನಿಂತುಹೋಗಿತ್ತು. ಕೂಲಿಯವರು ನೆರಳಿಗೆಂದು ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಬಿಟ್ಟುಹೋದ ಗೂಡೇ ಅಜ್ಜನವರ ಮಠವಾಗಿತ್ತು. ಒಂದು ಕಂಬಳಿ, ಒಂದು ತಂಬಿಗೆ, ಕೊರಳಲ್ಲಿ ಲಿಂಗ, ಇಷ್ಟೇ ಅವರ ಸಂಸಾರ. ಹನ್ನೆರಡು ವರ್ಷ ಅವರು ಆ ಗಣಿಯ ಅಂಚು ದಾಟಿರಲಿಲ್ಲ.

ಸಂಜೆಯಾದರೆ ಭಕ್ತರು ಬರುತ್ತಿದ್ದರು. ಹೋಳಿಗೆ, ಮೊಸರನ್ನ, ಹಣ್ಣು ತರುತ್ತಿದ್ದರು. ಅಜ್ಜನವರು ಎಲ್ಲವನ್ನೂ ಮುಟ್ಟಿ, ಕಣ್ಣಿಗೊತ್ತಿಕೊಂಡು, ಬಂದವರಿಗೇ ಹಂಚಿಬಿಡುತ್ತಿದ್ದರು. ಅವರು ಒಂದು ತುತ್ತು ಬಾಯಿಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅಜ್ಜನವರು ಗಾಳಿ ಉಂಡು ಬದುಕುತ್ತಾರೆ ಎಂಬ ಮಾತು ಹಾಗೆ ಹುಟ್ಟಿತು.

ಆ ಮಾತನ್ನು ಪುರಾಣವಾಗಿಸಿದವನು ರೇವಣಯ್ಯ. ಶ್ರಾವಣದಲ್ಲಿ ಊರ ಗುಡಿಯ ಪೌಳಿಯಲ್ಲಿ ತಿಂಗಳಿಡೀ ಪುರಾಣ ಹೇಳುವ ಮನೆತನ ಅವನದು. ಕಂಠ ಒಳ್ಳೆಯದು, ಭಕ್ತಿಯೂ ಸುಳ್ಳಲ್ಲ. ಆ ವರ್ಷ ಅವನು ಅಜ್ಜನವರ ಮಹಿಮೆಯನ್ನೇ ಎತ್ತಿಕೊಂಡ. ಅನ್ನವೆಂಬುದು ಜೀವದ ಮೇಲೆ ಹೇರಿದ ಹೊರೆ, ಅದನ್ನು ಇಳಿಸಿದವನೇ ಯೋಗಿ ಎಂದು ಹಾಡಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರ ನಡುವೆ ಅವನ ಮಗಳು ನಿಂಬೆಕ್ಕನೂ ಕುಳಿತಿದ್ದಳು. ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ. ಒಂದು ಸೋಮವಾರ ಅವಳು ತಾಯಿ ಬಡಿಸಿದ ತಾಟನ್ನು ಮೆಲ್ಲಗೆ ಸರಿಸಿ, ಇನ್ನು ತನಗೆ ನೀರು ಮತ್ತು ಮೂರು ಬಿಲ್ವಪತ್ರೆ ಸಾಕು ಎಂದಳು.

ರೇವಣಯ್ಯ ಮೊದಮೊದಲು ಹೆದರಿದ್ದು ನಿಜ. ಆದರೆ ವಾರ ಕಳೆದರೂ ಮಗಳು ನಗುನಗುತ್ತಲೇ ಇದ್ದಳು. ಹಸಿವೇ ಇಲ್ಲವಪ್ಪಾ ಎಂದಳು. ಅವನ ಎದೆ ಉಬ್ಬಿತು. ಹತ್ತನೆಯ ದಿನ ನೆರೆಯ ಹೆಂಗಸರು ಅವಳ ಪಾದ ಮುಟ್ಟಲು ಬಂದರು. ಅವನು ಪಡಸಾಲೆಯಲ್ಲಿ ಮಣೆ ಹಾಕಿ, ಮೇಲೆ ಬಿಳಿ ವಸ್ತ್ರ ಹಾಸಿ ಅವಳನ್ನು ಕೂರಿಸಿದ. ತೆಂಗಿನಕಾಯಿ, ಊದಿನಕಡ್ಡಿ ಬರತೊಡಗಿದವು. ಹೆಂಡತಿ ಗೌರಮ್ಮ ಮಾತ್ರ ದಿನವೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಳು.

"ನಾ ಹಡದದ್ದು ಮಗಳನ್ನರೀ, ದೇವರನ್ನಲ್ಲ. ಉಣ್ಣು ಅಂತ ನೀವೊಂದು ಮಾತು ಹೇಳ್ರಿ, ಕೇಳ್ತಾಳ."

ಅವನು ಹೇಳಲಿಲ್ಲ.

ಇಪ್ಪತ್ತಾರನೆಯ ದಿನ ನಿಂಬೆಕ್ಕ ಏಳಲಾರದೆ ಗೋಡೆಗೊರಗಿದಳು. ರೇವಣಯ್ಯನಿಗೆ ಅದು ಸಮಾಧಿಯ ಮೊದಲ ಮೆಟ್ಟಿಲಿನಂತೆ ಕಂಡಿತು. ಅಜ್ಜನವರೇ ಬಂದು ಕಂಡು ಹರಸಬೇಕು ಎನಿಸಿ, ಮರುದಿನ ಬೆಳಗಾಗುತ್ತಲೇ ಗಣಿಗೆ ಹೊರಟ. ಮುಂಜಾನೆ ಅಲ್ಲಿಗೆ ಅವನು ಹೋದದ್ದು ಅದೇ ಮೊದಲು.

ಗೂಡಿನ ಮುಂದೆ ಅಜ್ಜನವರು ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಕೈಯಲ್ಲಿ ಮಣ್ಣಿನ ಬಟ್ಟಲು. ಅದರಲ್ಲಿ ಮಜ್ಜಿಗೆ ಕಲಸಿದ ಜೋಳದ ಅಂಬಲಿ. ಎದುರಿಗೆ ಕಲ್ಲು ಒಡೆಯುವ ತಿಪ್ಪವ್ವ ಗಡಿಗೆ ಹಿಡಿದು ಇನ್ನಷ್ಟು ಹೊಯ್ಯುತ್ತಿದ್ದಳು. ಅಜ್ಜನವರು ಉಳ್ಳಾಗಡ್ಡಿ ಕಚ್ಚಿ, ಅಂಬಲಿ ಕುಡಿದು, ಮೀಸೆ ಒರೆಸಿಕೊಂಡರು.

ರೇವಣಯ್ಯನ ಕಣ್ಣು ಕಂಡದ್ದನ್ನು ಬುದ್ಧಿ ಒಪ್ಪಲಿಲ್ಲ. ತಿಂಗಳಿಡೀ ತಾನು ಹಾಡಿದ್ದು ಕಿವಿಯಲ್ಲಿ ಮೊಳಗುತ್ತಿದ್ದರೆ, ಎದುರಿಗೆ ಆ ಬಾಯಿ ಅಗಿಯುತ್ತಿತ್ತು.

"ಅಜ್ಜಾರ, ನೀವು... ಉಣ್ತೀರೇನು?"

"ಹಸಿವಾದ್ರ ಉಣ್ತೀನಪಾ," ಎಂದರು ಅಜ್ಜನವರು. "ಮುಂಜಾನೆ ಒಮ್ಮೆ ಉಂಡ್ರ ಈ ದೇಹಕ್ಕ ಸಾಕು. ನೀವು ಸಂಜೀಕ ತರ್ತೀರಿ, ಆವಾಗ ನನಗ ಹಸಿವಿರೂದಿಲ್ಲ."

ತಿಪ್ಪವ್ವ ಅವನನ್ನು ಅಚ್ಚರಿಯಿಂದ ನೋಡಿದಳು. "ಹನ್ನೆರಡು ವರ್ಷಾತು, ನಾನೇ ತರ್ತೀನ್ರಿ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

"ನನ್ನ ಮಗಳು ನಿಮ್ಮಂಗ ಆಗಬೇಕಂತ ಊಟ ಬಿಟ್ಟಾಳ್ರೀ," ಎಂದ ರೇವಣಯ್ಯ. "ಇವತ್ತಿಗೆ ಇಪ್ಪತ್ತೇಳು ದಿನ."

ಬಟ್ಟಲು ಅಜ್ಜನವರ ಕೈಯಿಂದ ಜಾರಿ ಚಪ್ಪಡಿಯ ಮೇಲೆ ಒಡೆಯಿತು. ಎಂದೂ ಬಣ್ಣಗೆಡದ ಆ ಮುಖ ಬಿಳಿಚಿಕೊಂಡಿತು. ಅವರು ಕೈ ತೊಳೆಯಲಿಲ್ಲ, ಕಂಬಳಿ ಹೊದೆಯಲಿಲ್ಲ. ಹನ್ನೆರಡು ವರ್ಷ ದಾಟದ ಅಂಚನ್ನು ದಾಟಿ ಊರ ದಾರಿ ಹಿಡಿದರು. ಎಪ್ಪತ್ತು ಮೀರಿದ ಆ ಪುಣ್ಯಪುರುಷರು ಬರಿಗಾಲಿನಲ್ಲಿ ಎರಡು ಮೈಲಿ ಓಡುವ ಹಾಗೆ ನಡೆದರು. ರೇವಣಯ್ಯ ಏದುಸಿರು ಬಿಡುತ್ತ ಹಿಂದೆ ಬಿದ್ದ.

ಪಡಸಾಲೆಯ ತುಂಬ ಜನರಿದ್ದರು. ಅಜ್ಜನವರನ್ನು ಕಂಡು ಜಯಕಾರ ಹಾಕಲು ಎದ್ದವರು ಅವರ ಮುಖ ನೋಡಿ ಸುಮ್ಮನಾದರು. ಅಜ್ಜನವರು ಮಣೆಯ ಬಳಿ ಕುಳಿತು ನಿಂಬೆಕ್ಕನ ಮುಂಗೈ ಹಿಡಿದರು. ಅದು ಕಡ್ಡಿಯಂತಿತ್ತು, ತಣ್ಣಗಿತ್ತು. ತಲೆ ನೇವರಿಸಿದರೆ ಕೂದಲು ಎಳೆಯೆಳೆಯಾಗಿ ಬೆರಳಿಗೆ ಬಂತು. ತಂದೆ ಆ ಕೂದಲನ್ನು ನೋಡಿದ. ದಿನವೂ ಎದುರಿಗಿದ್ದ ಮಗಳ ಬತ್ತಿದ ಕೆನ್ನೆ, ಸೀಳಿದ ತುಟಿ ಅವನಿಗೆ ಆಗಲೇ ಮೊದಲು ಕಂಡವು.

ಅವಳು ಕಷ್ಟಪಟ್ಟು ನಕ್ಕಳು. "ಹಸಿವು ಗೆದ್ದೀನ್ರಿ ಅಜ್ಜಾರ."

"ಗೆದ್ದಿಲ್ಲ ತಾಯಿ," ಎಂದರು ಅಜ್ಜನವರು. "ಅದು ಕೂಗಿ ಕೂಗಿ ದಣಿದು ಮಲಗ್ಯಾದ."

ಆಮೇಲೆ ಅವರು ಗೌರಮ್ಮನ ಕಡೆ ತಿರುಗಿ, "ತಂಗಳ ರೊಟ್ಟಿ ಇದ್ರ ಕೊಡು," ಎಂದರು. ಅವಳು ರೊಟ್ಟಿ, ಪುಂಡಿಪಲ್ಲೆ ತಂದಳು. ಅಜ್ಜನವರು ಅಷ್ಟೂ ಜನರೆದುರು, ಒಬ್ಬೊಬ್ಬರನ್ನೂ ನೋಡುತ್ತ, ತುತ್ತು ತುತ್ತಾಗಿ ಅಗಿದು ನುಂಗಿದರು. ಆಗಷ್ಟೇ ಅಂಬಲಿ ಉಂಡ ಹೊಟ್ಟೆಗೆ ಅದು ಬೇಕಾಗಿರಲಿಲ್ಲವೆಂಬುದು ರೇವಣಯ್ಯನಿಗೊಬ್ಬನಿಗೆ ಗೊತ್ತಿತ್ತು. ಮುದುಕನೊಬ್ಬ ತಾನು ತಂದ ಕಾಯಿಯನ್ನು ಎತ್ತಿಕೊಂಡು ಹೊರಟ. ಅವನ ಹಿಂದೆ ಇನ್ನಿಬ್ಬರು ಹೋದರು. ಸ್ವಲ್ಪ ಹೊತ್ತಿಗೆ ಪಡಸಾಲೆ ಬರಿದಾಯಿತು. ಹನ್ನೆರಡು ವರ್ಷದ ಕೀರ್ತಿಯನ್ನು ಆ ಮಹಾತ್ಮರು ಒಂದು ರೊಟ್ಟಿಯಲ್ಲಿ ಮುಗಿಸಿಬಿಟ್ಟರು.

ನಿಂಬೆಕ್ಕ ಕಣ್ಣರಳಿಸಿ ನೋಡುತ್ತಿದ್ದಳು. ಅವಳ ಕಣ್ಣಿನಿಂದ ನೀರಿಳಿಯಿತು. "ಹಂಗಾದ್ರ ನಾನೂ ಉಣ್ಣಬಹುದೇನ್ರಿ?" ಎಂದಳು.

ಆ ಮಾತಿಗೆ ರೇವಣಯ್ಯ ಒಳಗೆ ಓಡಿದ. ಪೂಜೆಗೆಂದು ಮಾಡಿಟ್ಟಿದ್ದ ಹೋಳಿಗೆಯ ಮೇಲೆ ತುಪ್ಪ ಸುರಿದು, ತಾಟು ತುಂಬಿ ತಂದು ಮಗಳ ಬಾಯಿಗೆ ತುತ್ತೆತ್ತಿದ. ಅಜ್ಜನವರು ಎಡಗೈಯಿಂದ ಆ ತಾಟನ್ನು ಹೊಡೆದು ಕೆಡವಿದರು. ಎಂದೂ ಯಾರನ್ನೂ ಗದರದವರ ಕೈ ಅದು. ಹೋಳಿಗೆ ನೆಲಕ್ಕೆ ಬಿತ್ತು.

"ಹಸಿವು ಕೊಲ್ಲದ್ದನ್ನ ಇದು ಕೊಂದೀತು," ಎಂದರು ಅಜ್ಜನವರು. "ಹೊಟ್ಟಿಯೊಳಗಿನ ಬೆಂಕಿ ಕಿಡಿಯಷ್ಟ ಉಳದದ. ಕಿಡಿ ಮ್ಯಾಲೆ ಕೊರಡು ಒಗೀಬ್ಯಾಡ."

ಗೌರಮ್ಮ ಅಕ್ಕಿನುಚ್ಚಿನ ಗಂಜಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಗೆ ಚಿಟಿಕೆ ಉಪ್ಪು ಹಾಕಿ ತಂದಳು. ಅಜ್ಜನವರು ಚಮಚವನ್ನು ರೇವಣಯ್ಯನ ಕೈಗೆ ಕೊಟ್ಟರು. "ಉಪವಾಸ ಕಲಿಸಿದವ ನೀನು. ಉಣಿಸೂದೂ ನೀನ."

ಅವನು ಉಣಿಸಿದ. ಎರಡು ಚಮಚ, ಒಂದಷ್ಟು ಬಿಡುವು, ಮತ್ತೆ ಎರಡು ಚಮಚ. ಗಂಜಿ ಅವಳ ಗದ್ದದ ಮೇಲೆ ಚೆಲ್ಲಿದಾಗ ಗೌರಮ್ಮ ಸೆರಗಿನಿಂದ ಒರೆಸಿದಳು, ಗಂಡನನ್ನು ಮಾತ್ರ ನೋಡಲಿಲ್ಲ. ಅಜ್ಜನವರು ಗಣಿಗೆ ಮರಳದೆ ಅದೇ ಪಡಸಾಲೆಯಲ್ಲಿ ಉಳಿದರು. ಮೂರನೆಯ ದಿನ ನಿಂಬೆಕ್ಕನ ಪಾದಗಳು ಬಾತುಕೊಂಡವು, ಎದೆ ಡವಡವಿಸಿತು. ಅಜ್ಜನವರು ಪಕ್ಕದೂರಿನ ವೈದ್ಯರನ್ನು ಕರೆಸಿದರು. ವೈದ್ಯರು ನಾಡಿ ಹಿಡಿದು, ನಿಂತ ಗಿರಣಿ ಒಮ್ಮೆಲೇ ತಿರುಗಲಾರದು, ಗಂಜಿಯನ್ನೂ ಅರ್ಧ ಮಾಡಿರಿ ಎಂದರು. ಆ ದಿನ ರೇವಣಯ್ಯ ಯಾವ ತಂದೆಯೂ ಕೇಳಬಾರದ ಪ್ರಶ್ನೆಯನ್ನು ಕೇಳಿದ: "ಬದುಕ್ತಾಳೇನ್ರಿ?" ಅಜ್ಜನವರು ಅವನ ಕೈಗೆ ಮತ್ತೆ ಚಮಚ ಕೊಟ್ಟರು.

ಐದನೆಯ ದಿನ ಬಾವು ಇಳಿಯಿತು. ಗಂಜಿ ಕೊಂಚ ಗಟ್ಟಿಯಾಯಿತು, ಆಮೇಲೆ ಮಜ್ಜಿಗೆ ಕಲಸಿದ ನುಚ್ಚು, ಆಮೇಲೆ ಹೆಸರುಬೇಳೆಯ ಕಟ್ಟು. ಒಂಬತ್ತನೆಯ ಬೆಳಿಗ್ಗೆ ಗೌರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ದನಿ ಬಂತು.

"ಅವ್ವಾ, ಹಸಿವಾಗ್ಯಾದ."

ರೇವಣಯ್ಯ ಕುಳಿತಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದ. ಅಜ್ಜನವರು ಎದ್ದು, "ಇನ್ನ ಅಕಿ ತನ್ನ ದಾರಿ ಹಿಡಿದಳು," ಎಂದಷ್ಟೇ ಹೇಳಿ, ಗಣಿಯ ಕಡೆ ನಡೆದರು.

ಮುಂದಿನ ಸೋಮವಾರ ರೇವಣಯ್ಯ ಗುಡಿಯ ಪೌಳಿಯಲ್ಲಿ ಗ್ರಂಥ ಬಿಚ್ಚದೆ ನಿಂತು, ತಾನು ಕಾಣದ್ದನ್ನು ಕಂಡವನಂತೆ ಹಾಡಿ ಮಗಳನ್ನು ಸಾವಿನ ಬಾಗಿಲಿಗೆ ಒಯ್ದೆನೆಂದು ಎಲ್ಲರೆದುರು ಒಪ್ಪಿಕೊಂಡ. ಕೆಲವರು ಸಿಟ್ಟಾಗಿ ಎದ್ದುಹೋದರು. ಗಣಿಗೆ ಹೋಗುವವರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಅಜ್ಜನವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಅಜ್ಜನವರು ಲಿಂಗೈಕ್ಯರಾದ ಎಷ್ಟೋ ವರ್ಷಗಳ ಮೇಲೆ, ದೂರದ ಊರಿನ ಭಕ್ತರು ಮುದುಕನಾದ ರೇವಣಯ್ಯನನ್ನು ಹುಡುಕಿಕೊಂಡು ಬರುತ್ತಿದ್ದರು. ಅಷ್ಟು ಹತ್ತಿರದಲ್ಲಿದ್ದವರು ನೀವು, ಅಜ್ಜನವರ ಪವಾಡ ಏನಾದರೂ ಕಂಡಿರಾ ಎಂದು ಕೇಳುತ್ತಿದ್ದರು.

"ಕಂಡೀನ್ರಿ," ಎನ್ನುತ್ತಿದ್ದ ರೇವಣಯ್ಯ, ಕೈ ಮುಗಿದು. "ಅಜ್ಜಾರು ಉಂಡ್ರು. ನನ್ನ ಮನ್ಯಾಗ, ನನ್ನ ಕಣ್ಣ ಮುಂದ ಉಂಡ್ರು."